ಒರಿಜಿನಲ್ ಮಡ್‌ಗಾರ್ಡಿನ ಹಠ

ಒಂದ ಮಾತು ಮೊದಲ ಒಪ್ಪಿಕೊಂಡ ಬಿಡ್ತೇನಿ. ಕನ್ಯಾ ನೋಡಾಕ ಹೋದಾಗ ನಾನು ಚಹಾದ ಕಪ್ಪು ಕೆಳಗ ಇಡೂದ್ರಾಗ ಹೂಂ ಅಂದಾಂವ. ಮನಿ ಕಟ್ಟಾಕ ಜಾಗಾ ನೋಡಾಕ ಹೋದಾಗ ರಿಕ್ಷಾದಾಗಿಂದ ಇಳೀಲೂ ಇಲ್ಲ, ಕುಂತಲ್ಲಿಂದನ ಹಣಿಕಿ ಹಾಕಿ "ನಡೀತೈತಿ" ಅಂದೆ. ಸಂತಿಗೆ ಕಳಿಸಿದ್ರ ಮ್ಯಾಲಿಂದ ಕೈಗೆ ಸಿಕ್ಕ ಬದನಿಕಾಯಿ ಚೀಲಕ್ಕ ಹಾಕ್ಕೊಂಡ ಬರ್ತೇನಿ. ಮನ್ಯಾಗ ನಮ್ಮಾಕಿ ಸುಧಾ ಅವನ್ನ ಹೆಚ್ಚಿಕೋತ, ಹುಳಕ್ಕೊಂದು ಮಾತು ನನಗೊಂದು ಮಾತು ಅಂತಾಳ. ಇಂಥಾ ನಾನು ಒಂದು ತಗಡಿನ ಮಡ್‌ಗಾರ್ಡ್ ಆರಿಸಾಕ ನಾಕ ತಿಂಗಳ ತಗೊಂಡೆ.

ಮಡ್‌ಗಾರ್ಡ್ ಅಂದ್ರ ಗಾಲಿ ಮ್ಯಾಲಿನ ತಗಡು, ರಾಡಿ ಮಾರಿಗೆ ಸಿಡೀಬಾರದಂತ ಇರ್ತೈತಲ್ಲ, ಅದು. ಅದಕ್ಕ ನಾಕ ತಿಂಗಳು. ಉಳಿದ ಸಾಮಾನಿಗೆ ಹಿಡದಿದ್ದು ಬ್ಯಾರೆ.

ಗಾಡಿ ಯಾವುದು ಅಂತ ಕೇಳಬ್ಯಾಡ್ರಿ. ಹೋದ ಸಲ ನನ್ನ ಪೇಜಿನ್ಯಾಗ ಕಂಪನಿ ಹೆಸರ ಬರದಿದ್ದೆ. ಕಮೆಂಟಿನ್ಯಾಗ ಎರಡು ಪಾರ್ಟಿ ಆಗಿ, ನಮ್ಮ ಬೀಗರು ಒಂದು ಕಡಿ, ನನ್ನ ಹಳೇ ವಿದ್ಯಾರ್ಥಿ ಒಬ್ಬಾಂವ ಇನ್ನೊಂದ ಕಡಿ ನಿಂತು ಮೂರ ದಿನ ಹೊಡದಾಡಿದ್ರು. ಇಷ್ಟ ತಿಳಕೋರಿ. ನಲವತ್ತ ವರ್ಷದ ಮ್ಯಾಲಿನ ಟೂ ಸ್ಟ್ರೋಕ್ ಗಾಡಿ, ರಸ್ತಾ ಇಲ್ಲದಲ್ಲಿ ಹೋಗಾಕ ಅಂತನ ಮಾಡಿದ್ದು. ಹ್ಯಾಂಡಲ್ ಎತ್ತಿನ ಕೋಡಿನಂಗ ಅಗಲ, ಟೈರಿನ ಮ್ಯಾಲ ಮೆಕ್ಕಿಜ್ವಾಳದ ಕಾಳಿನಂಗ ಉಬ್ಬು, ಸೈಲೆನ್ಸರ್ ಸೀಟಿನ ಬಾಜೂಕ ಎದ್ದು ನಿಂತಿರ್ತೈತಿ, ನೀವು ನೋಡದ ಕುಂತ್ರ ತೊಡಿ ಸುಡ್ತೈತಿ. ನಮ್ಮ ಗುರು ಕಾಕಾ, ಅಂದ್ರ ನಮ್ಮಪ್ಪನ ತಮ್ಮ, ಕಾಲುವಿ ಸರ್ವೇ ಕೆಲಸದಾಗ ಇದ್ದಾಗ ಇದನ್ನ ತಗೊಂಡಿದ್ರು. ನೌಕರಿ ಮುಗದ ಮ್ಯಾಲ ಕಾಕಾ ಕನ್ನೊಳ್ಳ್ಯಾಗ ಹೊಲಾ ನೋಡಕೋತ ಉಳದ್ರು, ಗಾಡಿ ಕೊಟ್ಟಿಗ್ಯಾಗ ಉಳೀತು. ಹೋದ ಯುಗಾದಿಗೆ ಹೋದಾಗ ನೋಡಿದ್ರ, ಸೀಟಿನ ಮ್ಯಾಲ ಬೆಕ್ಕು ಮರಿ ಹಾಕಿತ್ತು.

"ಕಾಕಾ, ಇದನ್ನ ನಾ ಚಾಲೂ ಮಾಡಸ್ತೇನಿ" ಅಂದೆ.

"ಮಾಡಸು. ಆದ್ರ ಬೆಕ್ಕಿಗೆ ಬ್ಯಾರೆ ಜಾಗಾ ನೀನ ನೋಡಬೇಕು" ಅಂದ್ರು.

ಬೆಕ್ಕಿನ ವ್ಯವಸ್ಥಾ ಮಾಡಿ, ಗಾಡಿ ಟೆಂಪೋಕ್ಕ ಹೇರಿ ಸಿಂದಗಿಗೆ ತಂದೆ. ನಾ ಇರೂದು ಬಾಜೂ ತಾಲೂಕಿನ ಇಂಡ್ಯಾಗ, ಅಲ್ಲೇ ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಸ್ತೇನಿ. ಇಂಡ್ಯಾಗ ಮಿಸ್ತ್ರಿಗಳಿಗೆ ಬರಗಾಲ ಇಲ್ಲ. ಆದ್ರ ಈ ಗಾಡಿ ನೋಡಿದವ್ರೆಲ್ಲಾ ಕಾಲರ್ ಸರಿಮಾಡಿಕೊಂಡು "ಸರ್, ಇದರ ಎಂಜಿನ್ ತಗದು ಹೊಸಾ ಗಾಡಿದು ಕೂಡಸೂನು" ಅಂತಾರ. ಇದ್ದ ಎಂಜಿನ್ನನ್ನ ಬಿಚ್ಚಿ ಬದಕಿಸೂ ಮನಷ್ಯಾ ಈ ನಾಕ ತಾಲೂಕಿನ್ಯಾಗ ಒಬ್ಬರ ಉಳದಾರ, ಸಿಂದಗಿ ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ದಸ್ತಗೀರ್ ಚಾಚಾ. ವಯಸ್ಸು ಎಪ್ಪತ್ತ ದಾಟೇತಿ. ಎಂಜಿನ್ನಿನ ಟೈಮಿಂಗ್, ಅಂದ್ರ ಕಿಡಿ ಹಾರೂ ಗಳಿಗಿ, ಹಿಡಿಯಾಕ ಮೀಟರ್ ಬ್ಯಾಡ, ಸಿಗರೇಟ್ ಪಾಕೀಟಿನ ಒಳಗಿನ ತೆಳ್ಳನ ಕಾಗದ ಸಾಕು. ಆ ಕಾಗದ ಎಷ್ಟ ಜಗ್ಗಿದ್ರ ಬಿಡ್ತೈತಿ ಅನ್ನೂದು ಅವರ ಬೆರಳಿಗೆ ಗೊತ್ತು.

ಚಾಚಾ ಗಾಡಿ ಸುತ್ತ ಎರಡ ಸಲ ತಿರಗಿ, ಬೆಕ್ಕಿನ ಕಥೀನೂ ಕೇಳಿ, ಬೇಕಾದ ಸಾಮಾನಿನ ಪಟ್ಟಿ ಬಾಯಿಲೆ ಹೇಳಿದ್ರು, ನಾ ಬರಕೊಂಡೆ. ಕಡೀಕ ಒಂದ ಮಾತು ಹೇಳಿದ್ರು.

"ಮಾಸ್ತರ, ದಸರಾಕ್ಕ ಅಂಗಡಿ ಬಂದ್. ನಾ ಸೊಲ್ಲಾಪುರಕ್ಕ ಮಗಳ ಕಡಿ ಹೋಗಾಂವ. ಕೈ ನಡಗಾಕತ್ತಾವ. ಅಷ್ಟರೊಳಗ ಸಾಮಾನ ತಂದಕೊಟ್ರ ಇದು ನನ್ನ ಕಡೀ ಗಾಡಿ. ತರಲಿಲ್ಲಂದ್ರ ಬೆಕ್ಕಿಗೆ ಹೇಳಿ ಕಳಸ್ರಿ, ಜಾಗಾ ಖಾಲಿ ಐತಿ ಅಂತ."

ಯುಗಾದಿಯಿಂದ ದಸರಾಕ್ಕ ಭಾಳ ದಿನಾ ಐತಿ ಅಂತ ನಕ್ಕೆ. ಶಾಣ್ಯಾ ಇದ್ದಾಂವ ಇದ್ರ ಪಟ್ಟಿ ಹಿಡಕೊಂಡ ಹೋಗಿ, ಸಿಕ್ಕದ್ದು ತಂದು, ಬೇಸಿಗಿ ರಜಾದಾಗ ಕೆಲಸಾ ಮುಗಸ್ತಿದ್ದ. ನನಗ ಮಾತ್ರ ಯಾವುದೋ ಗಾಳಿ ಹೊಕ್ಕಿತು. ಗಾಡಿ ಕಾರ್ಖಾನ್ಯಾಗಿಂದ ಹೊರಗ ಬಂದ ದಿನಾ ಹೆಂಗಿತ್ತೋ ಹಂಗ ಆಗಬೇಕು, ಒಂದ ಬೋಲ್ಟೂ ಬ್ಯಾರೇದು ಇರಬಾರದು. ಆ ಗಾಡಿ ಕಾರ್ಖಾನ್ಯಾಗಿಂದ ಬಂದ ದಿನಾ ನಾನು ನೋಡಿಲ್ಲ, ನೀವೂ ನೋಡಿಲ್ಲ. ಆದ್ರ ಫೋನಿನ್ಯಾಗ ಅದರ ಕ್ಯಾಟಲಾಗಿನ ಒಂದು ಚಿತ್ರ ಸಿಕ್ಕಿತ್ತು. ಆ ಚಿತ್ರ ಸಿಕ್ಕಿದ್ದ ನನಗ ದೊಡ್ಡ ಕೇಡಾತು.

ಅಲ್ಲಿಂದ ಜೀವಕ್ಕ ಸಮಾಧಾನನ ಇಲ್ಲ. ಸಾಲ್ಯಾಗ ಪಾಠಾ ಮಾಡೂವಾಗ ಕಿಸೇದಾಗ ಫೋನ್ ಜುಂ ಅಂದ್ರ ಯಾರೋ ಚೈನ್ ಚಕ್ರದ ಫೋಟೋ ಕಳಸಿರಬೇಕು ಅಂತ ಕೈ ತುರಸ್ತಿತ್ತು. ಊಟಕ್ಕ ಕುಂತ್ರ ರೊಟ್ಟಿ ದುಂಡಗ ಕಂಡು ಕ್ಲಚ್ ಪ್ಲೇಟ್ ನೆನಪಾಗ್ತಿತ್ತು. ಐತವಾರ ಬಂತಂದ್ರ ನಾ ಮನ್ಯಾಗ ಇಲ್ಲ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಬಾಗೇವಾಡಿ, ಮುಂದಿನ ವಾರ ಮುದ್ದೇಬಿಹಾಳ. ಸುಧಾ ಒಂದ ದಿನ ಡಬ್ಬಿ ಕಟ್ಟಿಕೊಡಕೋತ ಅಂದ್ಲು: "ನೀವು ಒಂದು ಸೀಟಿ ತಗೊಂಡ ಬಿಡ್ರಿ. ಹೆಂಗೂ ಬಸ್ಸಿನ್ಯಾಗ ಇರ್ತೀರಿ, ಟಿಕೀಟರೆ ಹರೀರಿ."

ಬಸವನ ಬಾಗೇವಾಡ್ಯಾಗ ಒಂದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿ ಐತಿ. ಅಲ್ಲಿ ಒಂದು ರಿವಾಜು. ನೀವು ಹೊಸಾ ಸಾಮಾನ ಕೇಳಬೇಕಂದ್ರ ಹಳೇದು ತಂದು ಮೇಜಿನ ಮ್ಯಾಲ ಇಡಬೇಕು. ಬಾಯಿಲೆ ಹೇಳಿದ್ರ ಯಜಮಾನ್ರಿಗೆ ಕಿವಿ ಕೇಳಂಗಿಲ್ಲ, ಸಾಮಾನ ಇಟ್ರ ಕಿವಿ, ಕಣ್ಣು ಎಲ್ಲಾ ಚಾಲೂ ಆಗ್ತಾವ. ನಾ ದೊಡ್ಡ ತಿಳದಾಂವನಂಗ ಫೋನ್ ತಗದು ಪಿಸ್ಟನ್ನಿನ ಫೋಟೋ ತೋರಸಿದೆ.

ಅವರು ಫೋನಿನ ಕಡಿ ನೋಡಲೂ ಇಲ್ಲ. "ಗಾಡ್ಯಾಗ ಫೋಟೋ ಹಾಕೋರೇನ್ರಿ, ಪಿಸ್ಟನ್ ಹಾಕೋರೇನ್ರಿ?"

"ಪಿಸ್ಟನ್ ರೀ."

"ಹಂಗಾರ ಪಿಸ್ಟನ್ ತರ್ರಿ."

ಮುಂದಿನ ಐತವಾರ ಹಳೇ ಪಿಸ್ಟನ್ ಪಂಚಾದಾಗ ಸುತ್ತಿಕೊಂಡ ಹೋದೆ. ಯಜಮಾನ್ರು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ, ಒಳಗ ಹೋಗಿ ಎರಡು ಡಬ್ಬಿ ತಂದಿಟ್ರು. ಒಂದರಾಗ ಕಂಪನಿ ಅಳತಿದು, ಇನ್ನೊಂದರಾಗ ಅದಕ್ಕಿಂತ ಒಂದೀಟು ದಪ್ಪಂದು. ಚಾಚಾ ಹೇಳಿದ್ದು ದಪ್ಪಂದು, ಪಟ್ಟ್ಯಾಗ ನನ್ನ ಕೈಲೆ ನಾನ ಬರದಿದ್ದೆ. ಆದ್ರೂ ಕ್ಯಾಟಲಾಗಿನ್ಯಾಗ ಇದ್ದಿದ್ದು ಕಂಪನಿ ಅಳತಿ, ಅದನ್ನ ತಂದೆ.

ಚಾಚಾ ಅದನ್ನ ಸಿಲಿಂಡರಿನ್ಯಾಗ ಬಿಟ್ರು. ಅದು ಸಡಲ ಆಗಿ ಲಟ ಲಟ ಅಂತು. "ಮಾಸ್ತರ, ಸಿಲಿಂಡರ್ ನಲವತ್ತ ವರ್ಷ ತಿಂದು ಹಿಗ್ಗೈತಿ. ನೀವು ತಂದಿದ್ದು ಅದು ಹುಟ್ಟಿದ ದಿನದ ಅಳತಿ. ಸಣ್ಣಾಂವ ಇದ್ದಾಗ ನಿಮ್ಮವ್ವ ಹೊಲದಕೊಟ್ಟ ಕುಂಚಿಗಿ ಈಗ ನಿಮ್ಮ ತಲಿಗೆ ಕೂಡ್ತೈತೇನ್ರಿ?"

ಮತ್ತ ಬಾಗೇವಾಡಿ. ಮತ್ತೊಂದ ಐತವಾರ.

ಮುದ್ದೇಬಿಹಾಳದ ಕಥಿ ಬ್ಯಾರೆ. ಅಲ್ಲಿ ಒಬ್ಬ ರಿಟೈರ್ಡ್ ಡ್ರೈವರ್ ಮನ್ಯಾಗ ಈ ಗಾಡಿದ ಕಾರ್ಬುರೇಟರ್ ಐತಿ ಅಂತ ನನ್ನ ಪೇಜ್ ಓದೂ ಒಬ್ಬರು ತಿಳಸಿದ್ರು. ಹೋಗಿ ನೋಡಿದ್ರ ಖರೇನ ಐತಿ, ದಿನಪತ್ರಿಕಿ ಫ್ಯಾನಿನ ಗಾಳಿಗೆ ಹಾರಬಾರದಂತ ಅದರ ಮ್ಯಾಲ ಇಟ್ಟಾರ. ಕೊಡ್ರಿ ಅಂದೆ. "ಪೇಪರ್ ಹಾರ್ತಾವಲ್ರಿ" ಅಂದ್ರು. ತಮಾಷಿ ಅಂತ ತಿಳಕೊಂಡೆ, ಮಾರಿ ನೋಡಿದ್ರ ತಮಾಷಿ ಇಲ್ಲ. ಕಡೀಕ ಪ್ಯಾಟಿಗೆ ಹೋಗಿ ಗಾಜಿನ ದಪ್ಪ ಗುಂಡೊಂದು ತಂದಕೊಟ್ಟೆ. ಅದನ್ನ ಪೇಪರ್ ಮ್ಯಾಲಿಟ್ಟು, ಫ್ಯಾನ್ ಜೋರ ಮಾಡಿ ನೋಡಿ, ಆಮ್ಯಾಲ ಕಾರ್ಬುರೇಟರ್ ನನ್ನ ಕೈಗೆ ಕೊಟ್ರು. ಬದಲಿ ಸಾಮಾನ ಹೆಂಗ ಆರಸಬೇಕು ಅನ್ನೂದು ಆವತ್ತ ಅವರು ನನಗ ಕಲಿಸಿದ್ರು. ನಾ ಕಲೀಲಿಲ್ಲ.

ಈಗ ಮಡ್‌ಗಾರ್ಡಿಗೆ ಬರ್ತೇನಿ. ಕಾಕಾನ ಗಾಡಿಗೆ ಮುಂದಿನ ಗಾಲಿ ಮ್ಯಾಲ ಒಂದು ವಿಚಿತ್ರ ಮಡ್‌ಗಾರ್ಡ್ ಇತ್ತು. ಗಾಲಿಗೂ ಅದಕ್ಕೂ ನಡುವ ಒಂದು ಗೇಣು ಸಂದಿ. ಕಬ್ಬಿಣದ ಎರಡು ಪಟ್ಟಿ ಬಡದು ಮ್ಯಾಲ ಎತ್ತಿ ಕೂಡಿಸಿದ್ರು, ಬಿಸಲಿಗೆ ಹಣಿ ಮ್ಯಾಲ ಕೈ ಇಟ್ಟು ನೋಡೂ ಮುದುಕನಂಗ ಕಾಣ್ತಿತ್ತು. ಕ್ಯಾಟಲಾಗಿನ ಚಿತ್ರದಾಗ ಮಡ್‌ಗಾರ್ಡ್ ಗಾಲಿಗೆ ಅಪ್ಪಿಕೊಂಡಿತ್ತು, ಭಾಳ ಚಂದ. ನಾ ಚಾಚಾನ ಮುಂದನ ನಿಂತು ಅಂದೆ: "ಯಾವನೋ ಅರ್ಧಂಬರ್ಧ ಕಲತ ಕಡ್ಡಿ ಮಿಸ್ತ್ರಿ ಎಷ್ಟ ಛಲೋ ಗಾಡಿ ಹೆಂಗ ಕೆಡಿಸಿಟ್ಟಾನ ನೋಡ್ರಿ."

ಚಾಚಾ ಅರಬಿಗೆ ಕೈ ಒರಿಸಿಕೊಂಡ್ರು. "ಹಳೇ ಕೆಲಸ. ಬಿಡ್ರಿ" ಅಂದ್ರು.

ಬಿಟ್ಟೆ. ಬಿಟ್ಟಿದ್ದಷ್ಟ ಅಲ್ಲ, ಆ ಮಡ್‌ಗಾರ್ಡ್, ಪಟ್ಟಿ ಎಲ್ಲಾ ಹಳೇ ಕಬ್ಬಿಣ ಕೊಳ್ಳೂ ಮೋಡಕಾದವಗ ತೂಕಕ್ಕ ಹಾಕಿದೆ. ಒರಿಜಿನಲ್ ಹುಡುಕಾಕ ಚಾಲೂ ಮಾಡಿದೆ. ಒಬ್ಬಾಂವ ಕೆಂಪು ಬಣ್ಣದ್ದು ಐತಿ ಅಂದ, ನಂದು ಹಸರು. ಒಬ್ಬಾಂವ ಹಸರು ಐತಿ ಅಂದ, ತೂತು ನಾಕು, ನನಗ ಬೇಕಾದ್ದು ಮೂರು. ಕಮೆಂಟಿನ್ಯಾಗ ಒಬ್ಬರು "ಮೂರೇ ತೂತು ಇರುತ್ತವೆ" ಅಂತ ಗ್ರಂಥದ ಭಾಷಾದಾಗ ಬರದ್ರ, ಇನ್ನೊಬ್ಬರು "ನಾಕ್ ಲೇ" ಅಂತ ಬರದ್ರು. ನಾ ಎರಡೂ ಓದಿ ನಿದ್ದಿ ಕೆಡಿಸಿಕೊಂಡೆ. ಮಳಿಗಾಲ ಅರ್ಧಾ ಮುಗದಾಗ ದೂರದ ಊರಾಗಿಂದ ಪಾರ್ಸೆಲ್ಲಿನ್ಯಾಗ ಮೂರು ತೂತಿನ ಹಸರು ಮಡ್‌ಗಾರ್ಡ್ ಬಂತು. ಅದನ್ನ ದೇವರ ಜಗುಲಿ ಬಾಜೂಕ ಇಟ್ಟಿದ್ದೆ. ಸುಧಾ ಅದಕ್ಕೂ ಒಂದು ಹೂವು ಏರಿಸಿದ್ಲು, ಭಕ್ತಿಲೆ ಅಲ್ಲ, ನನ್ನ ಅಣಕಸಾಕ.

ಆಕಿ ಹೂವು ಏರಿಸಿದ್ದು ನೋಡಿ ಒಂದು ವಿಚಾರ ಬಂತು. ನಮ್ಮ ಮನ್ಯಾಗ ಪೂಜಿ ಮಾಡೂವಾಗ ದೇವರಿಗೆ ಹದಿನಾರು ಉಪಚಾರ, ಅದರ ಮ್ಯಾಲ ರಾಜೋಪಚಾರ. ವಸ್ತ್ರ ಕೊಡಬೇಕು, ಆಭರಣ ಕೊಡಬೇಕು, ಸಿಂಹಾಸನ, ಛತ್ರಿ, ಚಾಮರ, ಏರಾಕ ಕುದರಿ. ದಿನಾ ಯಾರ ಮನ್ಯಾಗ ಇರ್ತಾವ್ರಿ? ಅದಕ್ಕ ಹಿರ್ಯಾರು ಒಂದು ದಾರಿ ಮಾಡಿಟ್ಟಾರ. ವಸ್ತ್ರಕ್ಕ ಬದಲಿ ಹತ್ತಿ ಗೆಜ್ಜಿವಸ್ತ್ರ, ಉಳಿದ ಯಾವುದು ಇಲ್ಲೋ ಅದರ ಹೆಸರ ಹೇಳಿ ಎರಡಕ್ಕಿ ಕಾಳು ಅಕ್ಷತಿ. ಛತ್ರಿಗೂ ಅಕ್ಷತಿ, ಕುದರಿಗೂ ಅಕ್ಷತಿ. ದೇವರು ಒಂದ ದಿನಾನೂ ಇದು ಕಂಪನಿದಲ್ಲ ಅಂತ ತಿರಗಿ ಕಳಿಸಿಲ್ಲ. ಹಳೇ ಶಾಸ್ತ್ರಕಾರರು ಯಜ್ಞದ ಬಗ್ಗೆ ಇದರ ಮ್ಯಾಲ ಭಾಳ ವಾದಾ ಮಾಡ್ಯಾರಂತ. ಹೇಳಿದ ಧಾನ್ಯ ಸಿಗಲಿಲ್ಲಂದ್ರ ಯಾವುದು ನಡೀತೈತಿ, ಯಾವುದು ನಡಿಯಂಗಿಲ್ಲ ಅಂತ. ಅವರ ಲೆಕ್ಕದಾಗ ಪದಾರ್ಥಕ್ಕಿಂತ ಕೆಲಸ ನಿಲ್ಲಬಾರದನ್ನೂದು ದೊಡ್ಡದು. ದಿನಾ ಮುಂಜಾನೆ ಅಕ್ಷತಿ ಹಾಕೂ ನನಗ ಇದು ತಿಳೀಬೇಕಿತ್ತು. ಪೂಜಿ ಮುಗಿಸಿ ಎದ್ದು, ಮತ್ತ ಮೂರು ತೂತು ಎಣಿಸಿ, ಮಡ್‌ಗಾರ್ಡ್ ಬಗಲಾಗ ಇಟ್ಟುಕೊಂಡು ಸಿಂದಗಿ ಬಸ್ ಹತ್ತಿದೆ.

ಚಾಚಾ ಅದನ್ನ ಕೈಯಾಗ ಹಿಡದು ನನ್ನ ಮಾರಿ ನೋಡಿದ್ರು. "ಇದನ್ನ ಹಾಕ್ಲೇನ್ರಿ?"

"ಹಾಕ್ರಿ ಚಾಚಾ."

"ಖರೇನ?"

"ನಾಕ ತಿಂಗಳ ಹುಡಕೇನಿ."

ಹಾಕಿದ್ರು. ಎಂಜಿನ್ನೂ ಕೂತಿತ್ತು, ಗಾಡಿ ನಡಿಯೂವಂಗ ಆಗಿತ್ತು. ದಸರಾಕ್ಕ ಇನ್ನೂ ಮೂರ ವಾರ ಇತ್ತು. ಸಣ್ಣ ಪುಟ್ಟ ಹೊಂದಾಣಿಕಿ ಮುಗಸಾಕ ಒಂದೆರಡು ಸಲ ದೂರ ಹೊಡದ ನೋಡ್ರಿ ಅಂದ್ರು ಚಾಚಾ. ನಾ ಸೀದಾ ಕಾಕಾಗ ತೋರಸಾಕ ಕನ್ನೊಳ್ಳಿ ಕಡಿ ತಿರಗಿಸಿದೆ. ಉತ್ರಿ ಮಳಿ ಎರಡ ದಿನ ಹೊಡದು ಆವತ್ತ ಬಿಸಲ ಬಿದ್ದಿತ್ತು. ಡಾಂಬರ್ ರಸ್ತಾದ ಮ್ಯಾಲ ಗಾಡಿ ಏನ ಹೊಂಟೈತ್ರಿ, ಪಟ ಪಟ ಪಟ, ಹಿಂದ ನೀಲಿ ಹೊಗಿ, ಮುಂದ ಒರಿಜಿನಲ್ ಮಡ್‌ಗಾರ್ಡ್. ಕಾಕಾ ಊರಾಗ ಇಲ್ಲ, ಹೊಲದಾಗ ಅದಾರ ಅಂದ್ರು. ಹೊಲದ ದಾರಿಗೆ ಇಳಿಸಿದೆ.

ನಮ್ಮ ಕಡಿ ಎರಿ ಮಣ್ಣು ಹಸಿ ಆದ್ರ ಏನಾಗ್ತೈತಿ ಅಂತ ನಾ ವರ್ಷಾ ಒಂಬತ್ತನೇತ್ತಾ ಮಕ್ಕಳಿಗೆ ಬೋರ್ಡಿನ ಮ್ಯಾಲ ಬರದು ಕಲಸ್ತೇನಿ. ತೇವಾ ಹಿಡಕೋತೈತಿ, ಉಬ್ಬತೈತಿ, ಅಂಟು ಭಾಳ. ಪರೀಕ್ಷಾದಾಗ ಎರಡ ಅಂಕಕ್ಕ ಕೇಳ್ತೇನಿ. ಆವತ್ತ ಆ ಎರಡ ಅಂಕದ ಪ್ರಶ್ನಿ ನನಗ ಬಂತು. ಐವತ್ತ ಮಾರು ಹೋಗೂದ್ರಾಗ ಮಣ್ಣು ಟೈರಿಗೆ ಸುತ್ತಿ, ಸುತ್ತಿದ ಮಣ್ಣು ಮಡ್‌ಗಾರ್ಡಿನೊಳಗ ತುಂಬಿ, ತುಂಬಿದ ಮಣ್ಣು ಗಾಲಿ ಹಿಡೀತು. ಮುಂದಿನ ಗಾಲಿ ನಿಂತ್ರೂ ನಾ ಎಕ್ಸಲೇಟರ್ ಬಿಡಲಿಲ್ಲ. ಕ್ಲಚ್ ಹಿಡದು ಬಿಟ್ಟು, ಹಿಡದು ಬಿಟ್ಟು, ಸುಟ್ಟ ವಾಸನಿ ಬಂತು. ಆಮ್ಯಾಲ ಗಾಡಿ ಹಗೂರಕ ಒಂದ ಕಡಿ ವಾಲಿ ಮಲಗಿತು, ನಾನೂ ಜೋಡಿ ಮಲಗಿದೆ.

ಬಾಜೂ ತೊಗರಿ ಹೊಲದಾಗ ಕಸಾ ತಗಿಯಾಕತ್ತಿದ್ದ ಹೆಣ್ಮಕ್ಕಳು ಎದ್ದು ನಿಂತು ನೋಡಿದ್ರು. ಒಬ್ಬಾಕಿ ಹಿರೇ ಹೆಣ್ಣಮಗಳು ಬದುವಿನ ತನಕಾ ಬಂದು ಕುರಪಿ ಕೊಟ್ಟು ಅಂದ್ಲು: "ಕೆತ್ತಿ ತಗಿ ಯಣ್ಣಾ. ಮಳಿಗಾಲದಾಗ ಗಾಡಿ ಮ್ಯಾಲ ನಾವು ಕೂಡಬಾರದು, ಅದನ್ನ ನಮ್ಮ ಮ್ಯಾಲ ಕುಂಡ್ರಿಸಿಕೊಳ್ಳಬೇಕು." ಉಳಿದವರು ಸೆರಗ ಬಾಯಿಗೆ ಹಿಡದು ನಕ್ಕರು. ಆ ಕಂಪನಿಯವ್ರು ಮಣ್ಣಿನ್ಯಾಗ ಓಡೂ ಗಾಡಿ ಅಂತ ಮಾಡಿದ್ದು ಖರೆ. ಅವರ ಊರ ಮಣ್ಣು ಬ್ಯಾರೆ ಇರಬೇಕು.

ಕಾಕಾ ನಿಧಾನಕ್ಕ ನಡಕೋತ ಬಂದ್ರು. ಮೊದಲ ಗಾಡಿ ನೋಡಿದ್ರು, ಆಮ್ಯಾಲ ನನ್ನ. "ಮಡ್‌ಗಾರ್ಡ್ ಕೆಳಗ ಯಾಕ ಇಳೀತು?"

"ಒರಿಜಿನಲ್ ಕಾಕಾ."

"ಒರಿಜಿನಲ್ ಇದ್ದಾಗ ಮೊದಲನೇ ಮಳಿಗೆ ಇದನ್ನ ಚಕ್ಕಡಿ ಮ್ಯಾಲ ಹೇರಿಕೊಂಡ ಮನಿಗೆ ತಂದಿದ್ದೆ. ಮರುದಿನ ದಸ್ತಗೀರ ಮ್ಯಾಲ ಎತ್ತಿಕೊಟ್ಟ. ಅಲ್ಲಿಂದ ಕಡೀತನಕಾ ಒಂದ ಸಲಾನೂ ಹುಗೀಲಿಲ್ಲ."

ಕಡ್ಡಿ ಮಿಸ್ತ್ರಿ ಅಂತ ನಾ ಯಾರ ಮುಂದ ನಿಂತು ಯಾರಿಗೆ ಅಂದಿದ್ದೆ ಅನ್ನೂದು ಈಗ ಗೊತ್ತಾತು. ಹಂಗ ಅನ್ನಿಸಿಕೊಂಡ ಮನಷ್ಯಾ "ಖರೇನ?" ಅಂತ ಇನ್ನೊಂದ ಸಲ ಕೇಳಿದ್ದ.

ಟ್ರ್ಯಾಕ್ಟರಿನ್ಯಾಗ ಗಾಡಿ ಸಿಂದಗಿಗೆ ಬಂತು. ಸಾಲಿ ಪರೀಕ್ಷಾ ಮುಗಿಸಿ ನಾ ಹೋಗೂದ್ರಾಗ ದಸರಾಕ್ಕ ಎಂಟ ದಿನಾ ಉಳದಿತ್ತು. ಚಾಚಾ ಅಂಗಡಿ ಅರ್ಧಾ ಖಾಲಿ ಮಾಡಿದ್ರು, ಸ್ಪ್ಯಾನರ್ ಎಲ್ಲಾ ಗೋಣಿಚೀಲದಾಗ. ಮಾಡಂಗಿಲ್ಲ ಅಂದ್ರ ಇನ್ನ ಈ ಗಾಡಿ ಮುಟ್ಟಾವರ ಇಲ್ಲ. ಬರೂ ದಾರ್ಯಾಗ ಬಸ್ಸಿನ್ಯಾಗ ಕ್ಷಮಾ ಕೇಳೂ ಮಾತು ಜೋಡಿಸಿಕೊಂಡಿದ್ದೆ. ಮಾತಿನ ಮಧ್ಯಾನ ಚಾಚಾ ಕೈ ಎತ್ತಿ ನಿಲ್ಲಿಸಿದ್ರು.

"ಆಗ ನನಗ ಮೂವತ್ತರ ವಯಸ್ಸು. ಆ ವೆಲ್ಡಿಂಗ್ ಚೂರು ದಪ್ಪ ಆಗಿತ್ತು ಮಾಸ್ತರ. ನೀವು ಬೈದಿದ್ದು ಪೂರಾ ಸುಳ್ಳಲ್ಲ. ಈ ಸಲ ಸಮಾ ಮಾಡೂನು."

ಆಮ್ಯಾಲ ನಡದಿದ್ದು ಹತ್ತ ಮಿನೀಟಿಂದು. ಮೂಲ್ಯಾಗ ರಾಶಿ ಬಿದ್ದಿದ್ದ ಹಳೇ ಸಾಮಾನಿನ ಮುಂದ ಚಾಚಾ ಕುಂತ್ರು. ಯಾವುದೋ ಗಾಡಿದ ತಗಡು ಎಳದು, ಗಾಲಿ ಮ್ಯಾಲ ಹಿಡದು ನೋಡಿ ಒಗದ್ರು. ಇನ್ನೊಂದ ಎಳದ್ರು, ಅದು ಪಸಂತ್ ಆತು. ಸುಟ್ಟಿದ್ದಕ್ಕ ಬದಲಿ ಮತ್ತೊಂದ ಗಾಡಿದ ಕ್ಲಚ್ ಪ್ಲೇಟ್ ತಗೊಂಡು, ಅದರ ಹಲ್ಲು ಕಬ್ಬಿಣ ಸವಸೂ ಕಾನಸಲೆ ಎಷ್ಟ ತಿಕ್ಕಿದ್ರ ನಮ್ಮದ್ರಾಗ ಕೂಡ್ತೈತಿ ಅಂತ ಉಗರಲೆ ಗೆರಿ ಹಾಕಿದ್ರು. ನನ್ನ ನಾಲಗಿ ಸುಮ್ನಿರಬೇಕಲ್ಲ.

"ಚಾಚಾ, ಇದು ಯಾವ ಗಾಡಿದು?"

"ಇನ್ನ ಮ್ಯಾಲ ಈ ಗಾಡಿದು. ಆ ಕಡೀಂದ ಹಿಡೀರಿ."

ಹಿಡದೆ. ಒಂದ ವಾರ ಸಾಲಿ ಬಿಟ್ಟ ಕೂಡಲೇ ಇಂಡಿಯಿಂದ ಬಂದು ಹಿಡದೆ. ಕಾನಸು ಹಿಡದಾಗ ಚಾಚಾನ ಕೈ ನಡಗ್ತಿತ್ತು, ಆದ್ರ ಕಾನಸು ಲೋಹಕ್ಕ ಮುಟ್ಟಿದ ಕೂಡಲೇ ನಿಲ್ತಿತ್ತು. ನಾ ಹೇಳಿದ್ದು ಹೆಚ್ಚಂತ ಅನ್ನಿಸಿದ್ರ ನೀವು ಯಾವುದರೆ ಹಳೇ ಮಿಸ್ತ್ರಿ ಬಾಜೂಕ ಒಂದ ತಾಸು ಕುಂದರ್ರಿ.

ಆಯುಧ ಪೂಜಿ ಹಿಂದಿನ ದಿನಾ ಮಧ್ಯಾಹ್ನ ಕೆಲಸ ಮುಗೀತು. ಅಂಗಡ್ಯಾಗ ಉಳದಿದ್ದು ಒಂದು ಸ್ಟೂಲು, ಕೇಬಲ್ಲು, ವಾಷರ್ ತುಂಬಿದ ಒಂದು ರಟ್ಟಿನ ಖೋಕಾ, ಮತ್ತ ಗಾಡಿ. ಮಡ್‌ಗಾರ್ಡ್ ಒಂದು ಗೇಣು ಮ್ಯಾಲ ಇತ್ತು, ವೆಲ್ಡಿಂಗ್ ನೂಲಿನಂಗ ಸಣ್ಣ. ಚಾಚಾ ಕಿಕ್ ಹೊಡದ್ರು. ಮೂರನೇದಕ್ಕ ಹಿಡೀತು. ತಲಿ ಒಂದ ಕಡಿ ವಾಲಿಸಿ ಸಪ್ಪಳ ಕೇಳಿದ್ರು, ಸ್ಕ್ರೂ ಕಾಲ ಸುತ್ತು ತಿರಗಿಸಿದ್ರು, ಮತ್ತ ಕೇಳಿದ್ರು.

"ಮೂಲಿ ತನಕಾ ಹೋಗಿ ಬರ್ತೇನಿ" ಅಂದ್ರು. ಐವತ್ತ ವರ್ಷ ಅವರು ಹೋಗಿದ್ದು ಅಷ್ಟ, ಬಸ್ ಸ್ಟ್ಯಾಂಡಿನ ಮೂಲಿ ತನಕಾ, ಯಾಕಂದ್ರ ಗಾಡಿ ಮಂದೀದು. ನಾ ಹೂಂ ಅಂದೆ. ಚಾಚಾ ಮೂಲಿಗೆ ಹೋದ್ರು. ಮೂಲ್ಯಾಗ ಒಂದ ಗಳಿಗಿ ನಿಧಾನ ಮಾಡಿದ್ರು. ತಿರಗಲಿಲ್ಲ. ಸೀದಾ ಹೋದ್ರು.

ಐದ ಮಿನೀಟಾತು, ಹತ್ತಾತು. ನಾ ಬಾಗಿಲಾಗ ನಿಂತೆ, ರಸ್ತಾಕ್ಕ ಇಳದೆ, ಮತ್ತ ಒಳಗ ಬಂದೆ. ಬ್ರೇಕ್ ಹಿಡೀಲಿಲ್ಲೇನೋ, ಬಿದ್ರೇನೋ, ಎಪ್ಪತ್ತ ದಾಟಿದ ಮನಷ್ಯಾ, ಮಗಳಿಗೆ ನಾ ಏನ ಹೇಳಲಿ. ಇಪ್ಪತ್ತ ಮಿನೀಟಾತು. ಅಷ್ಟರಾಗ ಒಬ್ಬರು ಮೊಪೆಡ್ ನೂಕ್ಕೋತ ಬಂದ್ರು, ಹಿಂದ ಎರಡು ಜ್ವಾಳದ ಚೀಲ.

"ಮಿಸ್ತ್ರಿ ಇಲ್ಲೇನ್ರಿ? ಬ್ರೇಕಿನ ಕೇಬಲ್ ಹರದೈತ್ರಿ. ಊರ ದೂರ ಐತಿ."

ಅಂಗಡಿ ಬಂದ್ ಆಗೇತಿ ಅನ್ನೂದು ಬಾಯಿ ತನಕಾ ಬಂತು. ಬಿಸಲಿಗೆ ಆ ಮನಷ್ಯಾನ ಅಂಗಿ ಬೆನ್ನಿಗೆ ಹತ್ತಿತ್ತು. ಖೋಕಾದಾಗ ಕೈ ಹಾಕಿದೆ. ಹರದ ಕೇಬಲ್ ಇಸಕೊಂಡು ಬಾಜೂಕ ಹಿಡದೆ, ಹೊಸಾದು ನಾಕ ಬಟ್ಟು ಉದ್ದ ಇತ್ತು. ಇನ್ನೊಂದ ಹುಡಕಲಿಲ್ಲ. ಸುತ್ತ ಒಂದ ಬಳಸು ಕೊಟ್ಟು ಕೂಡಿಸಿದೆ, ಕೂತತು. ನನ್ನ ಜೀವನದಾಗ ಯಾರಿಗೂ ಇಷ್ಟ ಲಗೂನ ಒಂದು ಸಾಮಾನ ಆರಿಸಿಕೊಟ್ಟಿದ್ದಿಲ್ಲ.

"ಕಂಪನಿದೇನ್ರಿ?" ಅಂದ್ರು ಅವರು.

"ಬ್ರೇಕ್ ಹಿಡದ ನೋಡ್ರಿ."

ಹಿಡದ್ರು. ಬಿಟ್ರು. ಮೊಪೆಡ್ ಚಾಲೂ ಮಾಡಿ, ತಲಿ ಅಲ್ಲಾಡಿಸಿ ಹೊಂಟ್ರು.

ಆಗ ದೂರ ಪಟ ಪಟ ಸಪ್ಪಳ ಕೇಳಿತು. ಹತ್ತರ ಬಂತು, ಮೂಲಿ ಮುಟ್ಟಿತು. ಹಸರು ಟಾಕಿ, ಬಿಳೇ ಗಡ್ಡ ಒಂದ ಕ್ಷಣ ಕಂಡ್ವು. ಚಾಚಾ ನನ್ನ ಕಡಿ ನೋಡಿ, ಬರ್ತೇನಿ ಅಂತಲೋ ಇರ್ರಿ ಅಂತಲೋ ಒಂದ ಕೈ ಎತ್ತಿ, ಮತ್ತ ಇಂಡಿ ರಸ್ತಾಕ್ಕ ಗಾಡಿ ತಿರಗಿಸಿದ್ರು. ಇನ್ನೊಂದು ಸುತ್ತು.

ಯುಗಾದಿಯಿಂದ ಒಂದ ಕಡಿ ನಿಲ್ಲದ ನನ್ನ ಕಾಲು ಆವತ್ತ ನಿಂತ್ವು. ಚಾಚಾನ ಸ್ಟೂಲ್ ಎಳಕೊಂಡು, ಯಾರರೆ ಬಂದ್ರ ಬರಲಿ ಅಂತ ಖೋಕಾ ಮುಂದಿಟ್ಟುಕೊಂಡು ಕುಂತೆ.